ಖಾಲಿ ಹಗ್ಗ ಯಾರದು?

ಜೋಗೇಶ್ವರಿ, ಮುಂಬಯಿ

ಪ್ರೀತಿಯ ತಂಗೀ,

ನಿನ್ನ ಲೇಖನ ತಲುಪಿ ಎಂಟು ದಿನವಾಯಿತು. ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ನಮ್ಮ ಬಳಗದ ಗೆಳೆಯ ಬರೆದ ಆ ತಬೇಲಾದ, ಅಂದರೆ ಇಲ್ಲಿನ ಎಮ್ಮೆ ಕೊಟ್ಟಿಗೆಯ, ಕವಿತೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಹದಿನೆಂಟು ಸಾಲಿನ ಕವಿತೆಗೆ ನೀನು ಆರು ಪುಟ ಬರೆದಿದ್ದೀಯ ಎಂದರೆ ಅದು ನಿನ್ನನ್ನು ಹಿಡಿದಿದೆ. ಆದರೆ ಕೊನೆಯ ಪುಟದಲ್ಲಿ ಕೈಚೆಲ್ಲಿಬಿಟ್ಟೆ. ಮೊದಲಿಗೆ ಎಮ್ಮೆ ಯಮನನ್ನು ಹೊತ್ತು ಬರುತ್ತದೆ, ಕೊನೆಗೆ ಮಗುವಿಗೆ ಹಾಲಾಗುತ್ತದೆ. ಅದು ಸಾವೋ ತಾಯ್ತನವೋ ಕವಿಗೇ ಸ್ಪಷ್ಟವಿಲ್ಲ ಎಂದೆ. ಆ ಮಾತು ಮನಸ್ಸಿನಿಂದ ಹೋಗಲಿಲ್ಲ, ಅದಕ್ಕೇ ಈ ಪತ್ರ.

ಯಮನ ವಾಹನ ಕೋಣ. ಹಾಲು ಕೊಡುವುದು ಎಮ್ಮೆ. ನೀನು ಎರಡಕ್ಕೂ ಎಮ್ಮೆ ಎಂದೇ ಬರೆದೆ. ಕವಿ ಹಾಗೆ ಬರೆದಿಲ್ಲ, ಇನ್ನೊಮ್ಮೆ ನೋಡು. ಮೊದಲ ನುಡಿಯಲ್ಲಿ ಕೋಣ, ಕೊನೆಯದರಲ್ಲಿ ಎಮ್ಮೆ. ಇವೆರಡರ ನಡುವೆ ಗೂಟಕ್ಕೆ ಕಟ್ಟಿದ ಒಂದು ಖಾಲಿ ಹಗ್ಗ ಬರುತ್ತದೆ. ನಿನ್ನ ಆರು ಪುಟಗಳಲ್ಲಿ ಆ ಹಗ್ಗದ ಸುದ್ದಿಯೇ ಇಲ್ಲ.

ಯಾರದು ಆ ಹಗ್ಗ? ನಾನು ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮ ಚಾಳಿನ ಹಿಂದೆಯೇ ತಬೇಲಾ ಇತ್ತು. ಹೆಣ್ಣುಗರು ಹುಟ್ಟಿದರೆ ಕೆಲವನ್ನಾದರೂ ಉಳಿಸಿಕೊಳ್ಳುತ್ತಿದ್ದರು. ಗಂಡುಗರು ಕುಡಿಯುವ ಹಾಲೆಲ್ಲ ನಷ್ಟದ ಲೆಕ್ಕ. ಅರೆಹೊಟ್ಟೆಯಲ್ಲಿ ಸೊರಗಿ ಕೆಲವು ದಿನಗಳಲ್ಲಿ ಅದು ಸಾಯುತ್ತಿತ್ತು. ಕರು ಕಣ್ಣೆದುರಿಗಿಲ್ಲದೆ ಎಮ್ಮೆ ಸುಲಭವಾಗಿ ಹಾಲು ಇಳಿಸುವುದಿಲ್ಲ. ಅದಕ್ಕೆ ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ಎಮ್ಮೆ ಆ ಚರ್ಮವನ್ನು ನೆಕ್ಕುತ್ತಾ ನಿಂತಿರುತ್ತಿತ್ತು, ಕೆಳಗೆ ಬಕೆಟ್ಟು ತುಂಬುತ್ತಿತ್ತು. ಬೆಳಿಗ್ಗೆ ಐದಕ್ಕೆ ಹಾಲಿನ ಭಯ್ಯಾ ನಮ್ಮ ಬಾಗಿಲಿಗೆ ತರುತ್ತಿದ್ದುದು ಆ ಹಾಲನ್ನೇ. ನನ್ನ ಮಗಳು ಅದನ್ನು ಕುಡಿದು ಬೆಳೆದಳು.

ಈಗ ಕವಿತೆಯನ್ನು ಓದು. ಯಮನನ್ನು ಹೊರಬೇಕಾದ ಕೋಣ ಆ ಹಗ್ಗದಲ್ಲಿದ್ದ ಕರು. ಅದು ಬೆಳೆದು ಕೋಣವಾಗಲೇ ಇಲ್ಲ. ನೀನು ವಿರೋಧ ಎಂದು ಕರೆದದ್ದು ಆ ಕೊಟ್ಟಿಗೆಯಲ್ಲಿ ದಿನಾ ನಡೆಯುವ ಸಂಗತಿ. ಅದರಲ್ಲಿ ಒಂದನ್ನು ಆರಿಸಿಕೋ ಎಂದು ಕವಿಯನ್ನು ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ.

ಇನ್ನೊಂದು ಕಡೆಯೂ ಅವಸರ ಮಾಡಿದ್ದೀಯ. ಎಮ್ಮೆ ಮಳೆಯಲ್ಲಿ ಕದಲದೆ ನಿಂತಿದೆ ಎಂಬ ಸಾಲನ್ನು ಜಡತೆ ಎಂದು ಓದಿದೆ. ಎಮ್ಮೆಯ ಮೇಲೆ ಮಳೆ ಸುರಿದಂತೆ ಎಂಬ ಗಾದೆ ನಿನ್ನ ಕಣ್ಣಿಗೆ ಅಡ್ಡ ಬಂತು. ಎಮ್ಮೆಯದು ಕಪ್ಪು ಚರ್ಮ, ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಮೇ ತಿಂಗಳ ಸೆಕೆಯಲ್ಲಿ ತಗಡಿನ ಸೂರಿನಡಿ ಬೆಂದ ಪ್ರಾಣಿಗೆ ಜೂನಿನ ಮೊದಲ ಮಳೆ ಜೀವ ಬಂದಂತೆ. ಅದು ಸುಖದಿಂದ ಕದಲದೆ ನಿಂತಿದೆ. ಗಾದೆ ಕಟ್ಟಿದವರು ಮನುಷ್ಯರ ಬಗ್ಗೆ ಮಾತಾಡುತ್ತಿದ್ದರು, ಕವಿ ಎಮ್ಮೆಯ ಬಗ್ಗೆಯೇ ಮಾತಾಡುತ್ತಿದ್ದಾನೆ.

ಸಂಕೇತಗಳ ಪಟ್ಟಿಯೊಂದನ್ನು ನೀನು ಮಾಡಿಟ್ಟುಕೊಂಡಿರುವಂತಿದೆ: ಮಹಿಷ ಎಂದರೆ ತಾಮಸ, ಅಸುರ. ನಮ್ಮ ಮೈಸೂರಿಗೆ ಹೆಸರು ಬಂದದ್ದೇ ಆ ಮಹಿಷನಿಂದ ಎನ್ನುತ್ತಾರೆ. ನೀನಿರುವ ಪುಣೆಯಲ್ಲಿ ಸಿಂಧೂರ ಬಳಿದ, ಮ್ಹಸೋಬಾ ಎಂಬ ಗ್ರಾಮದೇವರ ಕಲ್ಲುಗಳನ್ನು ನೋಡಿರುತ್ತೀ. ಗೋವೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಇತಿಹಾಸಕಾರ ಡಿ. ಡಿ. ಕೊಸಂಬಿ ಆ ಸುತ್ತಲಿನ ಹಳ್ಳಿಗಳನ್ನು ಅಲೆದು, ಈ ಮ್ಹಸೋಬಾನನ್ನು ಮಹಿಷಾಸುರನ ಜೊತೆಗಿಟ್ಟು ಬರೆದರು. ದೇವಿ ಕೊಂದ ಅಸುರ ಅಲ್ಲಿ ಪೂಜೆ ಪಡೆಯುವ ದೇವರು. ಇದನ್ನೆಲ್ಲಿ ಬರೆದುಕೊಳ್ಳುತ್ತೀ ನಿನ್ನ ಪಟ್ಟಿಯಲ್ಲಿ?

ನಿನಗೆ ಬಾಯಿಪಾಠವಿರುವ ಬೇಂದ್ರೆಯವರ ಹಾರುವ ಹಕ್ಕಿಯನ್ನೇ ತಗೋ. ಅದಿರುವ 'ಗರಿ' ಸಂಕಲನ ಬಂದದ್ದು 1932ರಲ್ಲಿ. ಹಕ್ಕಿ ಎಂದರೆ ಕಾಲ ಎಂದು ಶಾಲೆಯಲ್ಲೇ ಹೇಳಿಕೊಟ್ಟು ಮುಗಿಸುತ್ತಾರೆ. ಆದರೆ ಅದು ಸಾರ್ವಭೌಮರ ನೆತ್ತಿ ಕುಕ್ಕುತ್ತದೆ, ಹಸುಮಕ್ಕಳನ್ನು ಹರಸುತ್ತದೆ. ಅಲ್ಲಿ ನಿನಗೆ ಗೊಂದಲ ಕಾಣಲಿಲ್ಲ, ಯಾಕೆಂದರೆ ಹಾಡು ನಿನ್ನನ್ನು ಎತ್ತಿಕೊಂಡು ಹೋಯಿತು. ಈ ಕವಿತೆಗೆ ಹಾಡಿನ ಆ ಬಲವಿಲ್ಲ. ಗದ್ಯದ ಹಾಗೆ ನಡೆಯುತ್ತದೆ, ನಾವೂ ಅದರ ಜೊತೆ ನಡೆಯಬೇಕು.

ಲೇಖನವನ್ನು ಹರಿಯಬೇಡ. ನಡುವಿನ ಎರಡು ಪುಟಗಳು, ಅದರಲ್ಲೂ ಕೊನೆಯ ನುಡಿಯಲ್ಲಿ ಕ್ರಿಯಾಪದಗಳು ಕಡಿಮೆಯಾಗುತ್ತಾ ಹೋಗುವುದನ್ನು ನೀನು ಗುರುತಿಸಿದ್ದು, ನನಗೆ ಹೊಳೆದಿರಲಿಲ್ಲ. ಅದನ್ನು ಹಗ್ಗದ ಸಾಲಿನಿಂದ ಶುರುಮಾಡಿ ಬರೆದು ನೋಡು.

ಮುಂದಿನ ಭಾನುವಾರ ಡೆಕ್ಕನ್ ಕ್ವೀನ್ ಹಿಡಿದು ಬಾ. ದಾದರಿನಲ್ಲಿ ಇಳಿದು ಲೋಕಲ್ ಹತ್ತು, ಸ್ಟೇಷನ್ನಿಗೆ ನಾನು ಬರುತ್ತೇನೆ. ಊಟ ಮುಗಿಸಿ ಮಧ್ಯಾಹ್ನ ಹಾಲು ಕರೆಯುವ ಹೊತ್ತಿಗೆ ತಬೇಲಾಕ್ಕೆ ಹೋಗೋಣ. ಕವಿತೆಯ ಪ್ರತಿ ತರುವುದನ್ನು ಮರೆಯಬೇಡ.

ನಿನ್ನ
ಅಣ್ಣ