ಜೇನು ಹೋದದ್ದು ಟವರ್‌ಗಿಂತ ಮೊದಲು

ಮಾನ್ಯ ಸಂಪಾದಕರೆ,

ನಮ್ಮೂರಿನ ಮೊಬೈಲ್ ಟವರ್ ಗಲಾಟೆಯ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಪತ್ರ ಬಂದಿತ್ತು. ಟವರ್ ಬರುವ ಮೊದಲೇ ಜೇನು ಹೋಗಿತ್ತು ಎಂದು ಊರಿನ ಸಭೆಯಲ್ಲಿ ಹೇಳಿದ್ದಕ್ಕೆ ‘ಓದಿದವರೇ ಜನರ ದಾರಿ ತಪ್ಪಿಸುತ್ತಿದ್ದಾರೆ’ ಎಂದು ಬರೆದಿದ್ದರು. ಹೆಸರು ಹಾಕಿರಲಿಲ್ಲ. ಆದರೆ ಭಾಗಮಂಡಲದ ಈ ಕಡೆ ಜೇನು ಸಾಕುವ ರಿಟೈರ್ಡ್ ಟೀಚರ್ ಯಾರೆಂದು ಬಸ್ ಕಂಡಕ್ಟರಿಗೂ ಗೊತ್ತು. ಹಾಗಾಗಿ ಉತ್ತರ ನಾನೇ ಬರೆಯಬೇಕಾಯಿತು.

ಮೊದಲೇ ಹೇಳಿಬಿಡುತ್ತೇನೆ. ಈಗ ಗುರುತಿಸಿದ ಜಾಗದಲ್ಲಿ ಟವರ್ ಬೇಡ ಎನ್ನುವವರಲ್ಲಿ ನಾನೂ ಒಬ್ಬಳು. ಅರ್ಜಿಗೆ ಸಹಿ ಹಾಕಿದ್ದೇನೆ. ನನ್ನ ತಕರಾರು ಅರ್ಜಿಯ ಮೊದಲ ಸಾಲಿನ ಮೇಲೆ: ‘ಟವರ್‌ಗಳು ಬಂದ ಮೇಲೆ ಕೊಡಗಿನ ಜೇನು ನಾಶವಾಯಿತು.’

ಈ ಸಾಲಿಗೆ ಪುರಾವೆ ಹುಡುಕುವ ಕೆಲಸ ನನ್ನ ಪಾಲಿಗೇ ಬಿದ್ದಿತ್ತು. ನಮ್ಮ ಯಜಮಾನರು ಮೂವತ್ತು ವರ್ಷ ಬರೆದಿಟ್ಟ ಡೈರಿಗಳಿವೆ. ಅವರು ಹೋಗಿ ಆರು ವರ್ಷವಾಯಿತು. ಇವತ್ತು ಮಳೆ ಎಷ್ಟು ಇಂಚು, ಯಾವ ಪೆಟ್ಟಿಗೆಯಲ್ಲಿ ರಾಣಿ ಮೊಟ್ಟೆ ಇಡುತ್ತಿದೆ, ಎಷ್ಟು ಬಾಟ್ಲಿ ಜೇನುತುಪ್ಪ ಬಂತು, ಎಲ್ಲ ಬರೆದಿದ್ದಾರೆ. ನಡುವೆ ಒಂದು ಕಡೆ ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದೂ ದಾಖಲಾಗಿದೆ! ಅಟ್ಟದಿಂದ ಇಳಿಸಿ, ಧೂಳು ಕೊಡವಿ ಓದಲು ಕೂತೆ. ಟವರ್ ಬಂದ ವರ್ಷದ ಪುಟ ಸಿಕ್ಕಿದರೆ ಸಾಕು, ಕೇಸು ಗೆದ್ದ ಹಾಗೆ ಎಂದುಕೊಂಡಿದ್ದೆ.

ಸಿಕ್ಕಿದ್ದು ಬೇರೆಯೇ. 1991ರಲ್ಲಿ ನಮ್ಮಲ್ಲಿ 22 ಪೆಟ್ಟಿಗೆ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು, ಇತ್ತು. 1992ರ ಮಳೆಗಾಲ ಮುಗಿಯುವಾಗ ಉಳಿದದ್ದು 3. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ, ವರ್ಷ ಮಾತ್ರ ಮರೆತಿತ್ತು. ಮುಚ್ಚಳ ತೆಗೆದರೆ ಮರಿಹುಳುಗಳು ಎರಿಯ ಕಣದೊಳಗೇ ತಲೆ ಎತ್ತಿಕೊಂಡು ಸತ್ತಿರುತ್ತಿದ್ದವು. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದ ಹಾಗೆ ಬರುತ್ತಿತ್ತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಅದು. ನಮ್ಮದೊಂದೇ ಮನೆಯ ಕಥೆಯಲ್ಲ. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಆಗ ಹೋದವು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತಾದಿಂದ ದೆಹಲಿಗೆ. ನಮ್ಮ ಬೆಟ್ಟಕ್ಕೆ ಸಿಗ್ನಲ್ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ. ಇಲ್ಲಿ ಕೊಂಬೆ ಮುರಿದು ಮೂರು ವರ್ಷ ಕಳೆದ ಮೇಲೆ ಕಾಗೆ ಬಂದಿದೆ.

ಸಭೆಯಲ್ಲಿ ಇದನ್ನು ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಬಂತು: ‘ಟೀಚರಿಗೆ ಟವರ್‌ನವರು ಎಷ್ಟು ಕೊಟ್ಟರಂತೆ?’ ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ನನಗೆ ಲಕ್ಷ ರೂಪಾಯಿ ಕೊಟ್ಟಿದ್ದರೂ 1992 ಬರುವುದು 1995ಕ್ಕಿಂತ ಮೊದಲೇ ಅಲ್ವಾ? ನಾನು ಎಂಥವಳು ಎಂಬುದು ಬೇರೆ ವಿಚಾರಣೆ. ಅದನ್ನು ಬೇಕಾದರೆ ಇನ್ನೊಂದು ದಿನ ಇಟ್ಟುಕೊಳ್ಳೋಣ.

ಟವರ್ ಬೇಕು ಎನ್ನುವವರದ್ದೂ ಇದೇ ಪಾಡು. ‘ನಿಮ್ಮ ಕೈಯಲ್ಲೂ ಮೊಬೈಲ್ ಇದೆಯಲ್ಲ ಅಕ್ಕಾ’ ಎಂದರು ಒಬ್ಬರು. ಇದೆ. ನಾನು ಬಸ್ಸಲ್ಲೂ ಓಡಾಡುತ್ತೇನೆ. ಹಾಗಂತ ರಸ್ತೆ ನನ್ನ ಅಡುಗೆಮನೆಯ ಮೇಲೇ ಹೋಗಲಿ ಎನ್ನಬೇಕೆ? ಅದಕ್ಕಿಂತ ತೋಟದ ಕೂಲಿಯವರಿರುವ ಲೈನ್‌ಮನೆಯ ಹೆಣ್ಣುಮಗಳೊಬ್ಬಳು ಹೇಳಿದ ಮಾತು ತೂಕದ್ದು. ರಾತ್ರಿ ಮಗುವಿಗೆ ಜ್ವರ ಬಂದರೆ ಆಂಬುಲೆನ್ಸಿಗೆ ಫೋನ್ ಮಾಡಲು ಗುಡ್ಡ ಹತ್ತಬೇಕು ಎಂದಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅವಳ ಹೆಸರನ್ನು ನಡಾವಳಿಯಲ್ಲೂ ಬರೆದಿಲ್ಲ.

ಒಬ್ಬ ಹುಡುಗ ಮಾತ್ರ ಏನಾದರೂ ಓದಿಕೊಂಡು ಬಂದಿದ್ದ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗ. ಮೊಬೈಲ್ ಇಟ್ಟ ಪೆಟ್ಟಿಗೆಗಳಲ್ಲಿ ರಾಣಿ ಮೊಟ್ಟೆ ಇಡುವುದು ಕಡಿಮೆಯಾಯಿತು, ಕುಟುಂಬ ಸೊರಗಿತು ಎಂದು ಅದರಲ್ಲಿದೆ. ನಾನು ಅವನ ಪಕ್ಕ ಕೂತು ಪೂರ್ತಿ ಓದಿಸಿಕೊಂಡೆ. ಒಟ್ಟು ಪೆಟ್ಟಿಗೆ ನಾಲ್ಕು. ಎರಡರಲ್ಲಿ ಕರೆ ಮಾಡಿದ ಮೊಬೈಲ್, ಒಂದರಲ್ಲಿ ಬರೀ ಡಮ್ಮಿ, ಇನ್ನೊಂದು ಜೇನುಪೆಟ್ಟಿಗೆಯಲ್ಲಿ ಏನೂ ಇಟ್ಟಿರಲಿಲ್ಲ. ಡಮ್ಮಿ ಇಟ್ಟದ್ದು ಜಾಣತನ. ಮೊಬೈಲ್ ಇಡುವ ಗಡಿಬಿಡಿಗೇ ಜೇನು ಹೆದರಿತೇ ಎಂಬುದು ಅದರಿಂದ ಗೊತ್ತಾಗುತ್ತದೆ. ಆದರೆ ಅವರು ಸಾಕಿದ್ದು ಯುರೋಪಿನ ಮೆಲ್ಲಿಫೆರಾ, ನಮ್ಮ ತುಡುವೆಯಲ್ಲ. ಮೊಬೈಲ್ ಇದ್ದದ್ದು ಪೆಟ್ಟಿಗೆಯಲ್ಲೇ, ಎಲ್ಲೋ ಗುಡ್ಡದ ಮೇಲಿನ ಟವರ್ ಅಲ್ಲ. ನಾಲ್ಕು ಪೆಟ್ಟಿಗೆಯಲ್ಲಿ ಎರಡು ಹಾಳಾಗುವುದು ನನ್ನಲ್ಲಿ ಸುಮ್ನೆ ಒಂದು ಮಳೆಗಾಲದ ಮಾತು. ಇನ್ನೂ ನೋಡಬೇಕಾದ ವಿಷಯ ಎನ್ನಲು ಆ ಪ್ರಯೋಗ ಸಾಕು. ಕೊಡಗಿನ ಜೇನನ್ನು ಟವರ್ ಕೊಂದಿತು ಎನ್ನಲು ಸಾಲದು.

ಸಭೆಯ ಹಿಂದೆ ಒಂದು ಬ್ಯಾನರ್ ಕಟ್ಟಿದ್ದರು. ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಆಯಸ್ಸು ಎಂದು ಐನ್‌ಸ್ಟೈನ್ ಫೋಟೊದ ಕೆಳಗೆ ಬರೆದಿತ್ತು. ಅವರ ಬರಹದಲ್ಲಾಗಲಿ ಭಾಷಣದಲ್ಲಾಗಲಿ ಆ ಮಾತು ಎಲ್ಲೂ ಸಿಕ್ಕಿಲ್ಲ. ಸಿಕ್ಕಿದ್ದರೂ ಅವರು ಭೌತಶಾಸ್ತ್ರದವರು, ಜೇನು ಸಾಕಿದವರಲ್ಲ. ಆ ಬ್ಯಾನರಿಗೆ ನಾನೂ ಇನ್ನೂರು ರೂಪಾಯಿ ಕೊಟ್ಟಿದ್ದೆ.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು ಎನ್ನುವುದು ನಮ್ಮ ಹಳೆಯ ತರ್ಕಶಾಸ್ತ್ರದ ಮೊದಲ ಪಾಠ. ಆ ಪಾಠ ಬರೆದವರು ಜೂನ್ ತಿಂಗಳಲ್ಲಿ ಕೊಡಗಿಗೆ ಬಂದಿರಲಿಕ್ಕಿಲ್ಲ. ಇಲ್ಲಿ ಬೆಟ್ಟದ ಮೇಲೆ ಕಂಡದ್ದು ಹೊಗೆಯೋ ಮಂಜೋ ಎಂದು ಮೊದಲು ನೋಡಬೇಕಾಗುತ್ತದೆ.

ಇಷ್ಟಾದರೂ ಟವರಿನಿಂದ ಜೇನಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳಿಲ್ಲ. ಸಭೆಯಲ್ಲಿ ಹೆಚ್ಚಿನವರು ಹಾಗೇ ಕೇಳಿಸಿಕೊಂಡರು. ನೋಡಬೇಕೆಂದಿದ್ದರೆ ದಾರಿ ಇದೆ. ಪಕ್ಕದೂರಲ್ಲಿ ಈಗಾಗಲೇ ಟವರ್ ಇದೆ. ಅದರ ಹತ್ತಿರ ಹತ್ತು ಪೆಟ್ಟಿಗೆ, ದೂರದಲ್ಲಿ ಹತ್ತು ಪೆಟ್ಟಿಗೆ ಇಡೋಣ. ಎರಡೂ ಕಡೆ ರೊಬಸ್ಟಾ ತೋಟವೇ ಇರಲಿ, ಮಳೆಗಾಲದಲ್ಲಿ ಎರಡೂ ಕಡೆ ಒಂದೇ ಅಳತೆಯ ಸಕ್ಕರೆ ನೀರು ಕೊಡೋಣ. ಎಣಿಸುವವರಿಗೆ ಯಾವುದು ಎಲ್ಲಿಯದು ಎಂದು ಹೇಳಬಾರದು. ನನ್ನ ಆರು ಪೆಟ್ಟಿಗೆ ಕೊಡಲು ತಯಾರಿದ್ದೇನೆ.

ಇಷ್ಟೆಲ್ಲ ಗದ್ದಲದಲ್ಲಿ ನಿಜವಾದ ಮಾತು ಅರ್ಜಿಯ ಏಳನೇ ಸಾಲಿನಲ್ಲಿ ಹೂತುಹೋಗಿದೆ. ಟವರ್‌ಗೆ ಗುರುತಿಸಿದ ಜಾಗ ಐದು ಮನೆಗಳ ತಲೆಯ ಮೇಲಿನ ಇಳಿಜಾರು. ದಾರಿ ಮಾಡಲು ಜೆಸಿಬಿ ಈಗಾಗಲೇ ಬುಡದ ಮಣ್ಣು ತೆಗೆದಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿಯಲ್ಲಿ ಗುಡ್ಡ ಕುಸಿದು ಏನಾಯಿತು ಎಂದು ನೋಡಿದವರು ನಾವು. ವಿಪರೀತ ಮಳೆಯ ಜತೆಗೆ ರಸ್ತೆಗೆ, ಮನೆಗೆ ಎಂದು ಇಳಿಜಾರು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆಗಲೇ ಹೇಳಿದ್ದರು. ಎರಡು ವರ್ಷಕ್ಕೆ ನಮ್ಮ ಪಕ್ಕದ ಬ್ರಹ್ಮಗಿರಿ ಬೆಟ್ಟವೇ ಕುಸಿಯಿತು. ಹಾಗಂತ ಈ ಇಳಿಜಾರೂ ಕುಸಿದೇ ತೀರುತ್ತದೆ ಎಂದು ನಾನು ಹೇಳಿದರೆ ಅದೂ ಜೇನಿನ ಕಥೆಯಂತೆಯೇ ಆಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ವರದಿ ಕೈಗೆ ಬರುವವರೆಗೆ ಕೆಲಸ ನಿಲ್ಲಿಸಿ ಎಂದಷ್ಟೇ ಕೇಳಬಹುದು. ಕೆಳಗಿನ ಗಟ್ಟಿ ಜಾಗಕ್ಕೆ ಟವರ್ ಬಂದರೆ ಲೈನ್‌ಮನೆಯವಳಿಗೂ ಸಿಗ್ನಲ್ ಸಿಗುತ್ತದೆ.

ಮೊದಲ ಸಾಲು ಜೇನಿನದ್ದಾದರೆ ಕಂಪನಿಯ ವಕೀಲರು ಎರಡೇ ಇಸವಿ ಓದಿ ಇಡೀ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ. ಏಳನೇ ಸಾಲಿನವರೆಗೆ ಯಾರು ಓದುತ್ತಾರೆ?

ಮುಂದಿನ ಸಭೆ ತಿಂಗಳ ಎರಡನೇ ಭಾನುವಾರ ಇದೆ. ಕಳೆದ ವಾರ ಪತ್ರ ಬರೆದವರು ದಯವಿಟ್ಟು ತಮ್ಮ ಪೆಟ್ಟಿಗೆಗಳ ಲೆಕ್ಕ ತರಲಿ, ಇಸವಿ ಸಮೇತ. ನಾನು ಡೈರಿಗಳನ್ನು ತರುತ್ತೇನೆ. ಉಪ್ಪು ಜಾಸ್ತಿಯಾದ ಪುಟ ಬಿಟ್ಟು ಬೇರೆಲ್ಲ ಓದಬಹುದು.

ಇತಿ,
ನಿವೃತ್ತ ಶಿಕ್ಷಕಿ, ಭಾಗಮಂಡಲ ಸಮೀಪ, ಕೊಡಗು