ಲಾಕ್ ಮುಚ್ಚಿ, ಆದರೆ ತಾರೀಖು ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೊ ನೋಡಿದೆ. ಇಂಗ್ಲೆಂಡಿನ ಕಾಲುವೆಯೊಂದರಲ್ಲಿ ನೀರು ಇಳಿದು ಬಣ್ಣ ಬಣ್ಣದ ದೋಣಿಗಳು ಸಾಲಾಗಿ ನಿಂತಿದ್ದವು. ಕೆಳಗೆ ಬ್ರಿಟಿಷರಿಗೂ ಬರ ಬಂತು ಅನ್ನೋ ಅರ್ಥದ ಎರಡು ಸಾಲು. ಬರೆದವರಿಗೆ ಸ್ವಲ್ಪ ಖುಷಿ ಆದಂತಿತ್ತು. ನಾನು ಅದನ್ನು ಮೊಬೈಲಿನಲ್ಲಿ ಓದಿದ್ದು ಅಂಥದ್ದೇ ಒಂದು ದೋಣಿಯೊಳಗೆ ಕೂತು, ಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು. ಅದಕ್ಕೇ ಈ ಪತ್ರ.

ನಾನು ಮದ್ದೂರು ತಾಲ್ಲೂಕಿನವನು. ನಾಲೆ ಕೆಲಸದಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದೆ. ಏರಿ ಮೇಲೆ ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು ಓಡಿಸಿಕೊಂಡೇ ರಿಟೈರ್ ಆದೆ. ಮಗಳು, ಅಳಿಯ ಇಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ. ಬಾಡಿಗೆ ಕೊಟ್ಟು ಸಾಕಾಗಿ ಎರಡು ವರ್ಷದ ಹಿಂದೆ 57 ಅಡಿ ಉದ್ದದ, ಏಳು ಅಡಿ ಅಗಲದ ಹಳೇ ದೋಣಿ ಕೊಂಡು ಅದರಲ್ಲೇ ಸಂಸಾರ ಹೂಡಿದರು. ಮಗಳ ಬಾಣಂತನಕ್ಕೆ ಅಂತ ಏಪ್ರಿಲ್‌ನಲ್ಲಿ ನಾನೂ ನಮ್ಮನೆಯವಳೂ ಬಂದೆವು. ಬಾಣಂತನ ದೋಣಿಯಲ್ಲಿ ಅಂತ ಹೇಳಿದಾಗ ಊರಿನಲ್ಲಿ ಯಾರೂ ನಂಬಲಿಲ್ಲ. ನಮ್ಮತ್ತಿಗೆ ಈಗಲೂ ನಂಬಿಲ್ಲ.

ದೋಣಿ ಇರುವುದು ಲೀಡ್ಸ್–ಲಿವರ್‌ಪೂಲ್ ಕಾಲುವೆಯ ನೆತ್ತಿಯ ಮೇಲೆ, ಅಂದರೆ ಕಾಲುವೆ ಎಲ್ಲಕ್ಕಿಂತ ಎತ್ತರದಲ್ಲಿ ಹರಿಯುವ ಕಡೆ, ಬಾರ್ನೋಲ್ಡ್ಸ್‌ವಿಕ್ ಅನ್ನೋ ಸಣ್ಣ ಪೇಟೆಯ ಹತ್ತಿರ. ಊರಿನವರು ಬಾಯಿ ತುಂಬ ಬಾರ್ಲಿಕ್ ಅಂತಾರೆ. ಈ ಕಾಲುವೆ 127 ಮೈಲಿ, ಅಂದರೆ 204 ಕಿ.ಮೀ. 1770ರಲ್ಲಿ ಶುರು ಮಾಡಿ 1816ರಲ್ಲಿ ಮುಗಿಸಿದರು. ನಡುವೆ ಪೆನ್ನೈನ್ ಅನ್ನೋ ಬೆಟ್ಟಸಾಲು ಅಡ್ಡ ಇದೆ. ದೋಣಿ ಬೆಟ್ಟ ಹತ್ತಬೇಕಲ್ಲ, ಅದಕ್ಕೆ ದಾರಿಯುದ್ದಕ್ಕೂ 91 ಲಾಕ್ ಕಟ್ಟಿದ್ದಾರೆ.

ಲಾಕ್ ಅಂದರೆ ಬೀಗ ಅಲ್ಲ. ಕಲ್ಲಿನ ದೊಡ್ಡ ತೊಟ್ಟಿ, ಎರಡು ತುದಿಗೂ ಮರದ ಭಾರಿ ಬಾಗಿಲು. ದೋಣಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿ ಮೇಲಿನ ತೂಬು ಎತ್ತಿದರೆ ನೀರು ತುಂಬಿ ದೋಣಿ ಮೇಲೇಳುತ್ತದೆ. ಕೆಳಗಿನ ತೂಬು ಎತ್ತಿದರೆ ಇಳಿಯುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ. ಎಲ್ಲ ಕೈ ಹಿಡಿ ತಿರುಗಿಸಿ ಮಾಡುವ ಕೆಲಸ. ಮೊದಲ ಸಲ ನೋಡಿದಾಗ ನಾನು ಅರ್ಧ ದಿನ ಅಲ್ಲೇ ನಿಂತುಬಿಟ್ಟೆ. ಊಟಕ್ಕೆ ಕರೆಯಲು ಅಳಿಯ ಬರಬೇಕಾಯಿತು.

ಆದರೆ ತೊಟ್ಟಿ ಒಂದು ಸಲ ಖಾಲಿಯಾದರೆ 2 ಲಕ್ಷ ಲೀಟರಿಗೂ ಮೇಲೆ ನೀರು ಕೆಳಕ್ಕೆ ಹೋಗುತ್ತದೆ. ಒಂದು ದೋಣಿ ಬೆಟ್ಟ ದಾಟಬೇಕಾದರೆ ಹತ್ತುವಾಗ ಈ ಕಡೆಗೊಂದು ತೊಟ್ಟಿ, ಇಳಿಯುವಾಗ ಆ ಕಡೆಗೊಂದು ತೊಟ್ಟಿ ನೆತ್ತಿಯ ನೀರು ಖರ್ಚು. ಅಲ್ಲಿಗೆ ಹೊಸ ನೀರು ಬರಬೇಕಾದ್ದು ಫೌಲ್‌ರಿಡ್ಜ್ ಸುತ್ತಲಿನ ಹಳೇ ಜಲಾಶಯಗಳಿಂದ. ಈ ವರ್ಷ, 2025ರಲ್ಲಿ, ಇಂಗ್ಲೆಂಡಿನಲ್ಲಿ ನೂರು ವರ್ಷಗಳಲ್ಲೇ ಇಷ್ಟು ಒಣ ವಸಂತ ಬಂದಿರಲಿಲ್ಲವಂತೆ. ಮೇ ತಿಂಗಳಲ್ಲಿ ವಿಗನ್‌ನಿಂದ ಗಾರ್ಗ್ರೇವ್‌ವರೆಗಿನ ಲಾಕ್‌ಗಳನ್ನು ಕಾಲುವೆ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋ ಸಂಸ್ಥೆಯವರು ಬಂದ್ ಮಾಡಿದರು. ಅದೇ ತಿಂಗಳು 21ರಂದು ವಾಯವ್ಯ ಇಂಗ್ಲೆಂಡಿಗೆ, ಜೂನ್ 12ಕ್ಕೆ ಯಾರ್ಕ್‌ಷೈರಿಗೆ ಬರ ಅಂತ ಸರ್ಕಾರ ಘೋಷಿಸಿತು. ಅತ್ತ ನಮ್ಮ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿತು. ಜೂನ್‌ನಲ್ಲಿ ತುಂಬಿದ್ದು ಇದೇ ಮೊದಲು. ನನ್ನ ಜನ್ಮದಲ್ಲಿ ಇಂಥದ್ದೊಂದು ಆಗುವಾಗ ನಾನು ಊರಲ್ಲಿರಲಿಲ್ಲ. ಇಲ್ಲಿ ಕೂತು ಕಾಲುವೆಯ ಕೆಸರು ನೋಡುತ್ತಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿದ್ದು ತಪ್ಪಲ್ಲ. ನಾನು ಆ ಜಾಗದಲ್ಲಿದ್ದರೂ ಮುಚ್ಚುತ್ತಿದ್ದೆ. ಈ ಕಾಲುವೆಯ ತಳಕ್ಕೆ ಸಿಮೆಂಟ್ ಹಾಕಿಲ್ಲ, ತುಳಿದು ಹದ ಮಾಡಿದ ಜೇಡಿಮಣ್ಣು ಬಡಿದಿದ್ದಾರೆ. ಅದು ಯಾವಾಗಲೂ ನೆನೆದೇ ಇರಬೇಕು. ಒಣಗಿ ಬಿರುಕು ಬಿಟ್ಟರೆ ಮತ್ತೆ ನೀರು ಬಿಟ್ಟಾಗ ಸೋರಿ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಕೆರೆ ಏರಿ ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನುಗಳೂ ಇವೆ. ಇರುವ ನೀರು ಉಳಿಸಿಕೊಳ್ಳಲೇಬೇಕು.

ನನ್ನ ತಕರಾರು ಬೇರೆ. ಮೇ ತಿಂಗಳಿಂದ ಅಳಿಯನ ಫೋನಿಗೆ ಬರುವ ನೋಟಿಸಿನಲ್ಲಿ ಒಂದೇ ರಾಗ: ಮುಂದಿನ ಸೂಚನೆಯವರೆಗೆ ಬಂದ್. ಆ ಮುಂದಿನ ಸೂಚನೆ ಬಂದರೆ ಅದರಲ್ಲೂ ಅದೇ. ಈಗ ಆಗಸ್ಟ್ ಮುಗಿಯುತ್ತಿದೆ.

ನಮ್ಮದು ಸುಮ್ನೆ ಒಂದು ವಾರದಲ್ಲಿ ತಪ್ಪಿಹೋದ ಕಥೆ. ಏಪ್ರಿಲ್ ಕೊನೆಗೆ ಗ್ರೀನ್‌ಬರ್‌ಫೀಲ್ಡ್‌ನ ಮೂರು ಲಾಕ್ ಇಳಿದು ಸ್ಕಿಪ್ಟನ್ ಕಡೆ ಹೋಗಬೇಕು ಅಂತಿತ್ತು. ಅಲ್ಲಿ ಆಸ್ಪತ್ರೆ ಹತ್ತಿರ, ರೈಲಿದೆ, ಮಗಳ ಗೆಳತಿಯ ಮನೆ ಇದೆ. ಇಂಜಿನ್ನಿನ ಒಂದು ಪಾರ್ಟು ಬರಲಿ ಅಂತ ಕಾದೆವು. ಪಾರ್ಟು ಬಂತು, ಅಷ್ಟರಲ್ಲಿ ಲಾಕ್ ಮುಚ್ಚಿತು. ಈ ಕಡೆ ಗ್ರೀನ್‌ಬರ್‌ಫೀಲ್ಡ್, ಆ ಕಡೆ ಬ್ಯಾರೋಫರ್ಡ್‌ನ ಏಳು ಲಾಕ್. ನಡುವೆ ಆರು ಮೈಲಿ ನೀರು. ಅಷ್ಟರೊಳಗೆ ಹಿಂದಕ್ಕೂ ಮುಂದಕ್ಕೂ ಹೋಗಬಹುದು, ಅದೂ ತಳ ತಾಗದಿದ್ದರೆ.

ಜೂನ್‌ನಲ್ಲಿ ಹೆರಿಗೆಗೆ ರಾತ್ರಿ ಒಂದೂವರೆಗೆ ಟ್ಯಾಕ್ಸಿ ಕರೆಸಿದೆವು. ಎಷ್ಟಾಯಿತು ಅಂತ ರೂಪಾಯಿಗೆ ಲೆಕ್ಕ ಹಾಕಬೇಡಪ್ಪ ಅಂತ ಮಗಳು ಆ ನೋವಿನಲ್ಲೂ ಅಂದಳು. ಸುಖವಾಗಿ ಆಯಿತು, ಹೆಣ್ಣು ಮಗು. ಅಸಲಿ ಪಾಡು ಶುರುವಾಗಿದ್ದು ಆಮೇಲೆ. ಬಾಣಂತಿ ಸ್ನಾನ ಅಂದರೆ ಎಷ್ಟು ಬಿಸಿನೀರು ಬೇಕು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ. ದೋಣಿಯ ಟ್ಯಾಂಕಿನಲ್ಲಿ ಹಿಡಿಯುವುದು 500 ಲೀಟರು. ಬಾಣಂತಿ, ಮಗು, ಬಟ್ಟೆ, ಅಡುಗೆ ಎಲ್ಲ ಸೇರಿ ಎರಡು ದಿನಕ್ಕೆ ಟ್ಯಾಂಕು ಟಣ್ ಅನ್ನುತ್ತದೆ. ನೀರು ತುಂಬಿಸುವ ನಲ್ಲಿಗೆ ದೋಣಿಯನ್ನೇ ಒಯ್ಯಬೇಕು. ಜುಲೈನಲ್ಲಿ ನೀರು ಇನ್ನೂ ಇಳಿದು ದೋಣಿ ದಡದ ಕಡೆ ಕೂತುಕೊಂಡಿತು. ಒಳಗೆ ಎಲ್ಲ ವಾಲಿಕೊಂಡೇ ಇದೆ. ನಮ್ಮನೆಯವಳು ಸಾರಿನ ಪಾತ್ರೆ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಮಟ್ಟ ಮಾಡುತ್ತಾಳೆ. ಅಳಿಯನೂ ನಾನೂ ಕೈಗಾಡಿಯಲ್ಲಿ ಕ್ಯಾನ್ ಇಟ್ಟುಕೊಂಡು ನೀರು ತರುತ್ತೇವೆ. ಬರುವಾಗ ನೀರಿನ ಕ್ಯಾನು. ಹೋಗುವಾಗ ಟಾಯ್ಲೆಟ್ಟಿನ ಡಬ್ಬಿ. ಇದನ್ನು ಬರೆಯಬಾರದು ಅಂತ ಮಗಳು ಹೇಳಿದ್ದಳು.

ಒಂದೇ ಒಂದು ಲಾಭ ಆಯಿತು. ಮಗು ನೋಡಲು ಬರುವ ನರ್ಸಮ್ಮನಿಗೆ ನಮ್ಮ ವಿಳಾಸ ಹೇಳುವುದು ಸುಲಭವಾಯಿತು. ಸೇತುವೆ ಪಕ್ಕ, ಹಸಿರು ದೋಣಿ, ಮೇನಿಂದ ಅಲ್ಲೇ ಇದೆ.

ಇನ್ನೊಂದು ತಮಾಷೆ ಕೇಳಿ. ಇಂಥ ದೋಣಿಯವರಿಗೆ ಕಾಯಂ ಜಾಗ ಇಲ್ಲ. 1995ರ ಕಾನೂನಿನ ಪ್ರಕಾರ ಒಂದು ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲಬಾರದು, ಓಡಾಡುತ್ತಲೇ ಇರಬೇಕು. ಹಾಗೆ ಓಡಾಡುವವರಿಗೆ 2024ರ ಏಪ್ರಿಲ್‌ನಿಂದ ಲೈಸೆನ್ಸಿನ ಮೇಲೆ ಇನ್ನಷ್ಟು ದುಡ್ಡು ಸೇರಿಸಿದ್ದಾರೆ. ಲಾಕ್ ಬಂದ್ ಅಂತ 14 ದಿನದ ಲೆಕ್ಕ ಸದ್ಯಕ್ಕೆ ಬಿಟ್ಟಿದ್ದಾರೆ, ನಿಜ. ದುಡ್ಡು ಬಿಟ್ಟಿಲ್ಲ. ಓಡಾಡುವವರು ಅಂತ ಹೆಚ್ಚು ಕಟ್ಟಿಸಿಕೊಂಡು, ಓಡಾಡಲು ದಾರಿ ಇಲ್ಲದಂತೆ ಮಾಡಿದರೆ ಅದಕ್ಕೆ ಏನನ್ನಬೇಕು? ಅಳಿಯ ಎರಡು ಸಲ ಕೇಳಿ ಬರೆದ. ತಮ್ಮ ಪತ್ರ ತಲುಪಿದೆ ಅಂತ ಎರಡು ಸಲ ಉತ್ತರ ಬಂತು.

ಪಕ್ಕದ ದೋಣಿಯಲ್ಲಿ ಒಬ್ಬ ಅಜ್ಜಿ, ಒಂದು ಕುಂಟು ನಾಯಿ. ಅಜ್ಜಿಯ ದೋಣಿ ಉಕ್ಕಿನದು. ಮೂರ್ನಾಲ್ಕು ವರ್ಷಕ್ಕೊಮ್ಮೆ ನೀರಿನಿಂದ ಮೇಲೆತ್ತಿ ತಳಕ್ಕೆ ಟಾರು ಬಳಿಯಬೇಕು, ಇಲ್ಲದಿದ್ದರೆ ತುಕ್ಕು ತಿನ್ನುತ್ತದೆ. ಅವರು ಬುಕ್ ಮಾಡಿದ್ದ ಜಾಗ ಲಾಕ್‌ಗಳಿಂದ ಕೆಳಗಿದೆ. ಮೇನಲ್ಲಿ ಕೊಟ್ಟ ತಾರೀಖು ಹೋಯಿತು, ಜುಲೈಗೆ ಹಾಕಿಸಿಕೊಂಡರು, ಅದೂ ಹೋಯಿತು. ಮುಂಗಡವೂ ಹೋಯಿತು. ಈ ವರ್ಷ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರೆ ಮುಂದಿನ ವರ್ಷಕ್ಕೆ ಬರೆಸಿಕೊಳ್ಳುತ್ತಿದ್ದೆ ಅಂದರು. ಅಷ್ಟೇ ಅವರ ಆಸೆ.

ಆ ಮಾತು ಕೇಳಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅದೇ ಮಾತನ್ನು ನಾನು ಮೊದಲು ಮದ್ದೂರಿನ ಕಡೆ ಕೇಳಿದ್ದೆ. ಒಂದು ಬರಗಾಲದ ವರ್ಷ ನಾನೇ ತೂಬು ಇಳಿಸಿ ಬೀಗ ಹಾಕಿದ್ದೆ. ರೈತರು ಬಂದು ಕೇಳಿದರೆ ಮೇಲಿನಿಂದ ಆರ್ಡರ್ ಬರಲಿ ನೋಡೋಣ ಅನ್ನುತ್ತಿದ್ದೆ. ಹಾಗಂದರೆ ಸುಲಭ, ಯಾರೂ ಬಯ್ಯುವುದಿಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವರೊಬ್ಬರು ಏರಿ ಮೇಲೆ ನಿಲ್ಲಿಸಿ ಹೇಳಿದರು: "ಸ್ವಾಮಿ, ನೀರಿಲ್ಲ ಅನ್ನಿ, ರಾಗಿ ಹಾಕ್ಕೊತೀವಿ. ನೀರು ಬರ್ತದೆ ಅನ್ನಿ, ಭತ್ತದ ವಟ್ಲು ಬಿಡ್ತೀವಿ. ನೋಡೋಣ ಅಂದ್ರೆ ಏನ್ ಹಾಕದು?" ನಾನು ಮೊಪೆಡ್ಡು ಸ್ಟಾರ್ಟ್ ಮಾಡಿ ಹೊರಟುಬಿಟ್ಟೆ. ಉತ್ತರ ಇರಲಿಲ್ಲ.

ಆದರೂ ನಮ್ಮಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕೆಆರ್‌ಎಸ್ ಮಟ್ಟ ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ನಿಮ್ಮ ಪತ್ರಿಕೆಯಲ್ಲೇ ದಿನಾ ಬರುತ್ತದೆ. ಮಂಡ್ಯದಲ್ಲಿ ಟೀ ಅಂಗಡಿಯ ಹುಡುಗನಿಗೂ ಅದು ಬಾಯಿಪಾಠ. ನೀರು ಕಡಿಮೆ ಇದ್ದರೆ ಕಟ್ಟು ಪದ್ಧತಿ ಮಾಡುತ್ತೇವೆ. ಇಷ್ಟು ದಿನ ಬಿಡುತ್ತೇವೆ, ಇಷ್ಟು ದಿನ ನಿಲ್ಲಿಸುತ್ತೇವೆ ಅಂತ. ಬಯ್ಯುತ್ತಾರೆ, ಆದರೆ ಅದಕ್ಕೆ ತಕ್ಕಂತೆ ಗದ್ದೆ ಕೆಲಸ ಹೊಂದಿಸಿಕೊಳ್ಳುತ್ತಾರೆ. ಇಲ್ಲಿ ಜಲಾಶಯಗಳ ಲೆಕ್ಕ ತಿಂಗಳಿಗೊಮ್ಮೆ ಸಿಗುತ್ತದೆ. ಎಷ್ಟು ತುಂಬಿದರೆ ಲಾಕ್ ತೆಗೆಯುತ್ತಾರೆ ಅನ್ನುವುದು ಮಾತ್ರ ನಮಗೆ ಸಿಗಲಿಲ್ಲ. ಇಲ್ಲಿನ ತೊಟ್ಟಿಗಳು 14 ಅಡಿ ಅಗಲ, ನಮ್ಮಂಥ ದೋಣಿ ಎರಡು ಜೋಡಿಯಾಗಿ ಹಿಡಿಯುತ್ತವೆ. ಮಟ್ಟ ಇಷ್ಟಕ್ಕೆ ಬಂದ ದಿನ, ಸಿಕ್ಕಿಕೊಂಡ ದೋಣಿಗಳನ್ನು ಜೋಡಿ ಮಾಡಿ ಒಂದೇ ಬೆಳಗ್ಗೆ ಇಳಿಸುತ್ತೇವೆ ಅಂತ ಬರೆದು ಹಾಕಿದರೆ ಸಾಕಿತ್ತು. ಒಂದು ಅಂಕಿ. ಅಷ್ಟೇ.

ಮಳೆಯೊಂದನ್ನೇ ದೂರಿ ಸುಮ್ಮನಾಗಲೂ ಆಗುವುದಿಲ್ಲ. 2019ರ ಆಗಸ್ಟ್ 1ರಂದು ಡರ್ಬಿಷೈರಿನ ವೇಲಿ ಬ್ರಿಜ್ ಊರಿನ ಮೇಲಿನ ಟಾಡ್‌ಬ್ರೂಕ್ ಅಣೆಕಟ್ಟೆಯ ಕೋಡಿ ಕಿತ್ತುಹೋಗಿ, ಸುಮಾರು 1,500 ಜನರನ್ನು ಮನೆ ಬಿಡಿಸಬೇಕಾಯಿತು. ಕಾಲುವೆಗಳಿಗೆ ನೀರು ಕೊಡುತ್ತಿದ್ದ ಆ ಜಲಾಶಯ ಅಂದಿನಿಂದ ಖಾಲಿ. ಇನ್ನೂರು ವರ್ಷದ ಸಾಮಾನು ಇಟ್ಟುಕೊಂಡವರಿಗೆ ರಿಪೇರಿ ಮುಗಿಯುವುದೇ ಇಲ್ಲ. ಅಲ್ಲಿಗೆ ಹೋಗಬೇಕಾದ ದುಡ್ಡಿನ ವಿಷಯ ಇಲ್ಲಿನವರೇ ಜಗಳ ಆಡಿಕೊಳ್ಳಲಿ.

ಇಲ್ಲೇ ಹತ್ತಿರ ಫೌಲ್‌ರಿಡ್ಜ್ ಸುರಂಗ ಇದೆ, ಒಂದೂವರೆ ಕಿ.ಮೀ. ಉದ್ದ. ನನಗೆ ಮಂಡ್ಯದ ಕಡೆ ನಾಲೆ ನೀರು ಹರಿಯುವ ನಮ್ಮ ಹುಲಿಕೆರೆ ಸುರಂಗದ ನೆನಪಾಗುತ್ತದೆ. 1912ರಲ್ಲಿ ಒಂದು ಹಸು ಕಾಲುವೆಗೆ ಬಿದ್ದು, ಕತ್ತಲಲ್ಲಿ ಆ ಸುರಂಗವನ್ನು ಪೂರ್ತಿ ಈಜಿ ಆ ಕಡೆ ಎದ್ದಿತಂತೆ. ಬ್ರಾಂದಿ ಕುಡಿಸಿ ಬದುಕಿಸಿಕೊಂಡರು. ಅದರ ಫೋಟೊ ಇನ್ನೂ ಇಲ್ಲಿನ ಹೋಟೆಲ್ಲಿನ ಗೋಡೆ ಮೇಲಿದೆ. ನಮ್ಮ ದೋಣಿಗಿಂತ ಹಸುವೇ ವಾಸಿ ಅಂತ ಅಳಿಯ ಅಂದ.

ನಿಮ್ಮ ಓದುಗರ ಮಕ್ಕಳೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಡಿಗೆಗೆ ಹೆದರಿ ದೋಣಿ ಕೊಳ್ಳುವ ಯೋಚನೆ ಇದ್ದರೆ ಬೇಡ ಅನ್ನುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಬಾತುಕೋಳಿ, ಅದರ ಸುಖವೇ ಬೇರೆ. ಆದರೆ ಬೆಟ್ಟ ದಾಟುವ ಕಾಲುವೆಯಲ್ಲಿ ನೆತ್ತಿ ಮೇಲೆ ಬೇಸಿಗೆ ಕಳೆಯಬೇಡಿ. ಹೆರಿಗೆ, ಹೊಸ ಕೆಲಸ, ಮಕ್ಕಳ ಶಾಲೆ ಏನಾದರೂ ಇದ್ದರೆ ಮಾರ್ಚ್‌ನಲ್ಲೇ ಬೇಕಾದ ಕಡೆಗೆ ಇಳಿದುಬಿಡಿ. ಅಪ್ಪ ಅಮ್ಮ ಬಾಣಂತನಕ್ಕೆ ಬರುವವರಿದ್ದರೆ, ನಲ್ಲಿ ಎಷ್ಟು ದೂರ ಅಂತ ಟಿಕೆಟ್ ಬುಕ್ ಮಾಡುವ ಮುಂಚೆ ಕೇಳಲಿ.

ಸೆಪ್ಟೆಂಬರ್ ಕೊನೆಗೆ ನಮ್ಮ ವಿಮಾನ. ಅಷ್ಟರೊಳಗೆ ಒಂದು ಸಲ ಲಾಕ್ ಇಳಿಯುವುದನ್ನು ನೋಡಬೇಕು ಅಂತ ಆಸೆ. ಹಳೇ ಚಾಳಿ ಬಿಡಲಿಲ್ಲ. ದೋಣಿ ಪಕ್ಕದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಇಂಚಿನ ಗೆರೆ ಎಳೆದಿದ್ದೇನೆ. ದಿನಾ ಬೆಳಗ್ಗೆ ಏಳಕ್ಕೆ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ಮೊದಮೊದಲು ಅಕ್ಕಪಕ್ಕದ ದೋಣಿಯವರು ನಗುತ್ತಿದ್ದರು. ಈಗ ನಾಯಿ ಹಿಡಿದುಕೊಂಡು ಬಂದು, ಇವತ್ತು ಎಷ್ಟು ಅಂತ ಕೇಳುತ್ತಾರೆ. ಇವತ್ತು, ನಿನ್ನೆಗಿಂತ ಅರ್ಧ ಇಂಚು ಕೆಳಗೆ.

ಇಂತಿ,
ಒಬ್ಬ ನಿವೃತ್ತ ವರ್ಕ್ ಇನ್ಸ್‌ಪೆಕ್ಟರ್
ಮದ್ದೂರು ತಾಲ್ಲೂಕು (ಸದ್ಯ ಬಾರ್ನೋಲ್ಡ್ಸ್‌ವಿಕ್, ಇಂಗ್ಲೆಂಡ್)