ರಾಣಿ ಮನೆ ಯಾವುದಪ್ಪ?

ಭಾಗ್ಯಾ,

ನೀನು ಊಟ ಬಿಟ್ಟು ರೈಲು ಹತ್ತಿದೆ ಅಂತ ನಿಮ್ಮವ್ವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನಾದರೂ ತಿಂದೆಯಾ? ಚೆನ್ನೈನ ಸೇನಾ ಅಕಾಡೆಮಿಯೊಳಗೆ ಅವನ್ನೆಲ್ಲ ಬಿಡ್ತಾರೋ ಇಲ್ವೋ. ಆ ರಾತ್ರಿಯ ಮಾತೆಲ್ಲ ಮತ್ತೆ ಬೇಡ. ಕಾಬೂಲಿನ ಹುಡುಗಿಯರನ್ನು ಕಾಪಾಡಲು ಅಮೆರಿಕ ಯುದ್ಧ ಮಾಡಿದ್ದು ಸರಿ ಅಂತ ನಿಮ್ಮ ಮಾವ ಅಂದಾಗ ನಾಲ್ಕು ಜನರ ಮುಂದೆ ನಾನು ದನಿ ಏರಿಸಬಾರದಿತ್ತು, ಅಷ್ಟೇ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ: "ಹಂಗಾದ್ರೆ ತಾಲಿಬಾನ್ ಸರಿನಾ ಅಪ್ಪ?"

ಸರಿ ಅಲ್ಲವ್ವ. ಆರನೇ ಕ್ಲಾಸಿನ ಮೇಲೆ ಹುಡುಗಿಯರಿಗೆ ಶಾಲೆ ಬೇಡ ಅನ್ನುವವರು ಹೇಗೆ ಸರಿಯಾಗ್ತಾರೆ? ಆ ಹೆಣ್ಮಕ್ಕಳ ನೋವು ನಿಜ. ಅದನ್ನು ಯಾರು, ಯಾವಾಗ ಎತ್ತಿಕೊಳ್ಳುತ್ತಾರೆ ಅನ್ನೋದೇ ನನ್ನ ತಕರಾರು. 2001ರ ಅಕ್ಟೋಬರಿನಲ್ಲಿ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಬಾಂಬ್ ಹಾಕಲು ಶುರು ಮಾಡಿತು. ನವೆಂಬರ್ 17ಕ್ಕೆ ಅಧ್ಯಕ್ಷರ ಹೆಂಡತಿ ಲಾರಾ ಬುಷ್ ರೇಡಿಯೊದಲ್ಲಿ, ಇದು ಹೆಂಗಸರ ಹಕ್ಕಿಗಾಗಿಯೂ ನಡೆದ ಹೋರಾಟ ಅಂದರು. 80ರ ದಶಕದಲ್ಲಿ ಸೋವಿಯತ್ ಸೇನೆಯ ವಿರುದ್ಧ ಅದೇ ಅಮೆರಿಕ ಬಂದೂಕು ಕೊಟ್ಟವರಲ್ಲಿ ಹೆಂಗಸರನ್ನು ಮನೆಯೊಳಗೇ ಕೂಡಿಹಾಕಬೇಕು ಅನ್ನುವವರು ಇದ್ದರು. ಆಗ ಯಾರೂ ಮರುಗಲಿಲ್ಲ. 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ಅಮೆರಿಕ ತಾಲಿಬಾನ್ ಜೊತೆ ಮಾಡಿಕೊಂಡ ಒಪ್ಪಂದ ಹುಡುಕಿ ಓದು. ಹೆಂಗಸರ ಹಕ್ಕಿನ ಬಗ್ಗೆ ಒಂದೇ ಒಂದು ಸಾಲಿಲ್ಲ.

ನಮ್ಮೂರಲ್ಲೂ ಇಂಥದ್ದೇ ಕಥೆ ಇದೆ. ಎಂಟನೇ ಕ್ಲಾಸಿನಲ್ಲಿದ್ದಾಗ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿ ನೀನು, "ಇದು ಸಾಹೇಬನ ಮನೆ. ರಾಣಿ ಮನೆ ಯಾವುದಪ್ಪ?" ಅಂದಿದ್ದೆ. ನೀನು ಮರೆತಿರಬಹುದು. ನನ್ನ ತಲೆಯಿಂದ ಅದು ಹೋಗಿಲ್ಲ. ಸುರಪುರದ ರಾಣಿ ಈಶ್ವರಮ್ಮನ ಗಂಡ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ಸಾಲ ಇತ್ತು, ದಾಯಾದಿ ಜಗಳವೂ ಇತ್ತು. ಅದನ್ನು ಬಗೆಹರಿಸಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರವರೆಗೆ ತಾನೇ ಆಡಳಿತ ನಡೆಸಿದ. ಅವನು ಬರೆದಿಟ್ಟ ನೆನಪುಗಳಲ್ಲಿ ರಾಣಿ ನಡತೆಗೆಟ್ಟವಳು. ಗಂಡು ದೊರೆಗಳು ಎಷ್ಟು ಜನರನ್ನು ಇಟ್ಟುಕೊಂಡಿದ್ದರು ಅಂತ ಯಾವ ಸಾಹೇಬನಾದರೂ ಲೆಕ್ಕ ಹಾಕಿ ರಾಜ್ಯ ಕಿತ್ತುಕೊಂಡಿದ್ದನಾ? ಟೇಲರ್ ಕೆಟ್ಟವನೇನಲ್ಲ. ಊರಿಗೆ ಕೆರೆ, ರಸ್ತೆ ಮಾಡಿಸಿದ. ರಾಣಿಯ ಮಗ, ಬಾಲಕ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಅಂತಲೇ ಕರೆಯುತ್ತಿದ್ದನಂತೆ. ಅದೇ ಹುಡುಗ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸೆರೆ ಸಿಕ್ಕ, ಗುಂಡು ತಾಗಿ ಸತ್ತ. 1860ಕ್ಕೆ ಸುರಪುರ ನಿಜಾಮನ ಪಾಲಾಯಿತು. ಇಷ್ಟರಲ್ಲಿ ಈಶ್ವರಮ್ಮ ಏನಂದಳು? ಅದನ್ನೂ ನಾವು ಟೇಲರ್ ಬಾಯಿಂದಲೇ ಕೇಳಬೇಕು.

ಈಜಿಪ್ಟಿನಲ್ಲಿ ಬ್ರಿಟಿಷ್ ಆಡಳಿತ ನಡೆಸಿದ ಲಾರ್ಡ್ ಕ್ರೋಮರ್ ಅಲ್ಲಿನ ಹೆಂಗಸರ ಪರದೆ ನೋಡಿ ಮರುಗಿದವನು. ಇಂಗ್ಲೆಂಡಿಗೆ ವಾಪಸಾಗಿ, ತನ್ನ ದೇಶದ ಹೆಂಗಸರಿಗೆ ಮತದ ಹಕ್ಕು ಬೇಡ ಅನ್ನುವ ಸಂಘಕ್ಕೆ ಅಧ್ಯಕ್ಷನಾದ. ದೂರ ಯಾಕೆ? ಕಾಬೂಲಿನ ಹುಡುಗಿಯರ ಬಗ್ಗೆ ಅಷ್ಟು ಮಾತಾಡಿದ ನಿಮ್ಮ ಮಾವ ಸ್ವಂತ ಮಗಳನ್ನು ಪಿಯುಸಿಗೇ ಬಿಡಿಸಿದ್ದು ನಿನಗೂ ಗೊತ್ತು.

ಲೆಕ್ಚರ್ ಆಯ್ತು, ಗೊತ್ತು. ಇನ್ನೊಂದೇ ಮಾತು. ಅಂಥ ದೇಶಗಳ ಹೆಂಗಸರೆಲ್ಲ ಪಾಪದವರು, ಗಂಡಸರೆಲ್ಲ ರಾಕ್ಷಸರು ಅಂತ ಮನಸ್ಸಿನಲ್ಲಿ ಕೂತರೆ ಆಮೇಲೆ ಒಬ್ಬನನ್ನು ಶತ್ರು ಅನ್ನಲು ಬಣ್ಣ, ಗಡ್ಡ, ಮುಂಡಾಸು ನೋಡಿದರೆ ಸಾಕು. ಅಮೆರಿಕದ ಡ್ರೋನ್ ದಾಳಿಯಲ್ಲಿ ಸತ್ತ ಹರೆಯದ ಗಂಡಸರನ್ನೆಲ್ಲ ಉಗ್ರರ ಲೆಕ್ಕಕ್ಕೆ ಸೇರಿಸುತ್ತಿದ್ದರು ಅಂತ 2012ರಲ್ಲಿ ಪತ್ರಿಕೆಯಲ್ಲಿ ಬಂತು. ನಿರಪರಾಧಿ ಅಂತ ಸತ್ತ ಮೇಲೆ ಸಾಬೀತಾಗಬೇಕಿತ್ತಂತೆ. ಯಾರು ಹೋಗಿ ಸಾಬೀತು ಮಾಡಬೇಕು, ಅವನ ಅಪ್ಪನಾ?

ನಿನಗೆ ಗುಂಡು ತಾಗೀತು ಅನ್ನೋ ಭಯ ಇದ್ದೇ ಇದೆ, ಅದನ್ನು ನಿಮ್ಮವ್ವ ನನಗಿಂತ ಜಾಸ್ತಿ ಪಡುತ್ತಾಳೆ. ನನ್ನ ಭಯ ಬೇರೆ. ನಾಳೆ ಯಾರೋ ನಿನ್ನ ಫೋಟೊ ಒಂದು ಕಡೆ, ಮುಸುಕು ಹಾಕಿದ ಹುಡುಗಿಯ ಫೋಟೊ ಇನ್ನೊಂದು ಕಡೆ ಇಟ್ಟು, ಅದೇ ಸಾಕು ಯುದ್ಧಕ್ಕೆ ಅಂದುಬಿಟ್ಟರೆ? ಆದೇಶ ಮೀರು ಅಂತ ನಾನು ಹೇಳಲ್ಲ. ಆ ಇನ್ನೊಬ್ಬಳು ಏನು ಕೇಳುತ್ತಿದ್ದಾಳೆ ಅಂತ ಒಂದು ಸಲ ವಿಚಾರಿಸು. ಎಂಟನೇ ಕ್ಲಾಸಿನಲ್ಲೇ ಕೇಳಿದವಳು ನೀನು.

ಭಾನುವಾರ ಫೋನ್ ಮಾಡು, ಮೊದಲು ಅವ್ವನಿಗೆ. ಯೂನಿಫಾರ್ಮ್ ಹಾಕಿದ ದಿನ ಫೋಟೊ ನನಗೆ ಕಳಿಸು. ಮಾವನ ಗ್ರೂಪಿಗೆ ಆಮೇಲೆ ನಾನೇ ಹಾಕ್ತೀನಿ.

ನಿನ್ನ ಅಪ್ಪ
ಸುರಪುರ